ರೈಲಿಲ್ಲದ ನಾಲ್ಕು ಊರುಗಳು

ದಾವಣಗೆರೆ ಜಿಲ್ಲೆಯ ಭೂಪಟವನ್ನು ಹರಡಿಕೊಂಡು ನೋಡುವವರಿಗೆ ಒಂದು ಸಂಗತಿಯು ಬೇಗನೆ ಕಣ್ಣಿಗೆ ಬೀಳುವುದು. ಜಿಲ್ಲೆಯಲ್ಲಿ ಆರು ತಾಲ್ಲೂಕುಗಳಿವೆ. ದಾವಣಗೆರೆ, ಹರಿಹರ ಎಂಬ ಎರಡು ತಾಲ್ಲೂಕುಗಳ ಕಸಬೆಗಳಿಗೆ ರೈಲುದಾರಿಯುಂಟು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ಮಿಕ್ಕ ನಾಲ್ಕು ಊರುಗಳಿಗೆ ಇಲ್ಲ. ಬೆಂಗಳೂರಿನಿಂದ ಹೊರಟ ಕಬ್ಬಿಣದ ದಾರಿಯು 1889ರಲ್ಲಿ ಹರಿಹರವನ್ನು ಮುಟ್ಟಿತು. ಬೀರೂರಿನಿಂದ ಒಡೆದ ಕವಲು 1899ರಲ್ಲಿ ಶಿವಮೊಗ್ಗೆಯನ್ನು ಸೇರಿತು. ಈ ಎರಡು ಗೆರೆಗಳ ನಡುವೆಯೂ ಆಚೆಯೂ ಉಳಿದುಹೋದ ಸೀಮೆಯೇ ನಮ್ಮ ಈ ಲೇಖನಕ್ಕೆ ವಿಷಯ.

ರೈಲು ಮುಟ್ಟದ ಊರಿನಲ್ಲಿ ಚರಿತ್ರೆಯೂ ಇರಲಾರದೆಂದು ತಿಳಿಯುವವರು ಈಗಲೂ ಇದ್ದಾರೆ. ಹಂಪೆ, ಬೇಲೂರು, ಬಾದಾಮಿಗಳನ್ನು ನೋಡಿ ಬಂದ ನಮ್ಮವರೇ ಹೊದಿಗೆರೆಯ ಹೆಸರನ್ನು ಕೇಳಿದರೆ ಅದೆಲ್ಲಿ ಎಂದು ಹುಬ್ಬು ಏರಿಸುತ್ತಾರೆ. ಹೀಗಿರುವುದರಿಂದ, ಎರಡು ದಿವಸಗಳ ಮಟ್ಟಿಗೆ ದಾವಣಗೆರೆಯಲ್ಲಿ ಒಂದು ಬಾಡಿಗೆಯ ಮೋಟಾರನ್ನು ಗೊತ್ತುಮಾಡಿಕೊಂಡು, ಗೆಳೆಯರೊಬ್ಬರೊಡನೆ ಈ ನಾಲ್ಕು ತಾಲ್ಲೂಕುಗಳನ್ನು ಸುತ್ತಿ ಬಂದೆವು. ಬಸ್ಸುಗಳಿಲ್ಲವೆ ಎಂದು ವಾಚಕರು ಕೇಳಬಹುದು. ಧಾರಾಳವಾಗಿವೆ. ಮೈಸೂರು ಸರ್ಕಾರವು 1948ನೆಯ ಸೆಪ್ಟೆಂಬರಿನಲ್ಲಿ 120 ಬಸ್ಸುಗಳೊಡನೆ ಸಾರಿಗೆಯ ಇಲಾಖೆಯನ್ನು ತೆರೆದ ಮೇಲೆ, ಖಾಸಗಿಯವರ ಬಸ್ಸುಗಳೂ ಸರ್ಕಾರದ ಬಸ್ಸುಗಳೂ ಸೇರಿ ಕಸಬೆಯಿಂದ ಕಸಬೆಗೆ ಹೋಗುವುದು ಕಷ್ಟವಾಗಿ ಉಳಿದಿಲ್ಲ. ಆದರೆ ಬಸ್ಸು ಊರಿನಿಂದ ಊರಿಗೆ ಹೋಗುವುದೇ ಹೊರತು ಕಲ್ಲಿನಿಂದ ಕಲ್ಲಿಗೆ ಹೋಗುವುದಿಲ್ಲ. ಕೆರೆಯ ಏರಿಯ ಮೇಲೆ ಅರ್ಧ ಗಂಟೆ ನಿಲ್ಲಬೇಕೆಂದರೂ, ಹೊಲದ ಬದುವಿನಲ್ಲಿ ಒರಗಿರುವ ವೀರಗಲ್ಲನ್ನು ಕಂಡು ತಟ್ಟನೆ ಇಳಿಯಬೇಕೆಂದರೂ ಬಂಡಿಯು ನಮ್ಮ ಮಾತು ಕೇಳುವಂಥದಾಗಿರಬೇಕು. ಲೂಯಿ ರೈಸ್ ಸಾಹೇಬರ ಕಾಲದಲ್ಲಿ ಆ ಕೆಲಸವನ್ನು ಕುದುರೆಯೂ ಎತ್ತಿನ ಬಂಡಿಯೂ ಮಾಡಿದುವು. ಅವರ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಹೊನ್ನಾಳಿ ಮತ್ತು ಚನ್ನಗಿರಿಯ ಶಾಸನಗಳೂ, ಹನ್ನೊಂದನೆಯದರಲ್ಲಿ ಜಗಳೂರಿನವೂ ಅಚ್ಚಾಗಿವೆ. ಆ ಸಂಪುಟಗಳನ್ನು ತಿರುವುತ್ತ ಹೋದರೆ, ಆಗಿನ ದಾರಿಗಳಲ್ಲಿ ಇಷ್ಟು ಹಳ್ಳಿಗಳನ್ನು ಆ ಇಲಾಖೆಯ ಪಂಡಿತರು ಹೇಗೆ ಮುಟ್ಟಿದರೋ ಎಂದು ಬೆರಗಾಗುವುದು.

ಬಾಡಿಗೆಯ ಮೋಟಾರಿಗೆ ತನ್ನದೇ ಆದ ಶಾಸ್ತ್ರವಿದೆ. ಹಳದಿಯ ಫಲಕವಿರಬೇಕು, ದಿನವೊಂದಕ್ಕೆ ಕನಿಷ್ಠ ಇಷ್ಟು ಕಿಲೋಮೀಟರೆಂದು ಗೊತ್ತುಮಾಡಿ, ಓಡಲಿ ಬಿಡಲಿ ಅಷ್ಟಕ್ಕೆ ಹಣ ಕೊಡಬೇಕು, ಚಾಲಕನ ಬತ್ತೆ ಬೇರೆ. ನಮ್ಮ ಚಾಲಕನು ಚನ್ನಗಿರಿಯ ಕಡೆಯ ಹುಡುಗನು. ಮದುವೆಯ ದಿಬ್ಬಣಗಳನ್ನೂ ಮಣಿಪಾಲದ ಆಸ್ಪತ್ರೆಗೆ ಹೋಗುವ ರೋಗಿಗಳನ್ನೂ ಕರೆದೊಯ್ದು ಅವನಿಗೆ ಅಭ್ಯಾಸ. “ಸಾರ್, ಕಲ್ಲು ನೋಡೋಕೆ ಕಾರು ಮಾಡ್ಕೊಂಡು ಬಂದೋರು ನೀವೇ ಮೊದಲು” ಎಂದನು. ಎರಡನೆಯ ದಿವಸ ಸಂಜೆಯ ವೇಳೆಗೆ, ನಾವು ಕಾಣುವುದಕ್ಕೆ ಮುಂಚೆಯೇ ವೀರಗಲ್ಲುಗಳನ್ನು ಕಂಡು ವೇಗವನ್ನು ತಗ್ಗಿಸುವಷ್ಟು ಪಳಗಿದ್ದನು.

ಮೊದಲು ಸಂತೇಬೆನ್ನೂರು. ಚನ್ನಗಿರಿ ತಾಲ್ಲೂಕಿನ ಈ ಊರಿನ ಪುಷ್ಕರಿಣಿಯನ್ನು ಕಂಡವರು ಬಹುಕಾಲ ಮರೆಯಲಾರರು. ನಾಲ್ಕು ಕಡೆಯಿಂದಲೂ ಮೆಟ್ಟಿಲುಗಳು ನೀರಿಗೆ ಇಳಿಯುತ್ತವೆ. ನಡುವೆ ನೀರಿನಲ್ಲಿ ವಸಂತಮಂಟಪವು ಗೋಪುರದಂತೆ ಎದ್ದು ನಿಂತಿದೆ. ದಡದಲ್ಲಿ ಕಮಾನುಗಳ ದೊಡ್ಡದೊಂದು ಕಟ್ಟಡವಿದ್ದು ಅದನ್ನು ಮುಸಾಫಿರಖಾನೆಯೆಂದು ಕರೆಯುತ್ತಾರೆ. ಕೊಳವನ್ನು ಕಟ್ಟಿಸಿದವರು ಈ ಸೀಮೆಯ ಪಾಳೆಯಗಾರರಾದ ಹನುಮಪ್ಪನಾಯಕನ ಮನೆತನದವರು. ಇವರು ಮೊದಲು ಬಸವಾಪಟ್ಟಣ ಸಂತೇಬೆನ್ನೂರುಗಳಲ್ಲಿಯೂ ಮುಂದೆ ತರೀಕೆರೆಯಲ್ಲಿಯೂ ಇದ್ದರು. ದಡದ ಕಟ್ಟಡವು ಬಿಜಾಪುರದ ಸೇನಾಪತಿಯಾದ ರಣದುಲ್ಲಾಖಾನನ ಹೆಸರಿನೊಡನೆ ಸೇರಿಕೊಂಡಿದೆ. ಅಲ್ಲಿ ರಾಮದೇವರ ಗುಡಿಯಿದ್ದು, ಅದನ್ನು ಖಾನನು ಕೆಡವಿಸಿ ಮಸೀದಿಯನ್ನು ಕಟ್ಟಿಸಿದನೆಂದೂ, ನಾಯಕನು ಹೊತ್ತು ಕಾದಿದ್ದು ಸೇಡು ತೀರಿಸಿಕೊಂಡನೆಂದೂ, ಆ ಮಸೀದಿಯಲ್ಲಿ ಪ್ರಾರ್ಥನೆಯೇ ನಡೆಯಲಿಲ್ಲವೆಂದೂ ಊರಿನಲ್ಲಿ ಹೇಳುತ್ತಾರೆ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಅದರ ಮೊದಲನೆಯ ಅಧ್ಯಾಯವನ್ನು ಬಿಟ್ಟುಬಿಡುತ್ತಾರೆ. ಬಿಜಾಪುರದ ದಂಡು ಈ ಸೀಮೆಗೆ ತಾನಾಗಿ ಬಂದುದಲ್ಲ. ಬಸವಾಪಟ್ಟಣದ ಕೆಂಗ ಹನುಮಪ್ಪನಾಯಕನಿಗೂ ಇಕ್ಕೇರಿಯ ವೀರಭದ್ರನಾಯಕನಿಗೂ ಇದ್ದ ವೈರವೇ ಅದಕ್ಕೆ ಬಾಗಿಲು ತೆರೆಯಿತು. ತನ್ನ ನೆರೆಯವನನ್ನು ತಗ್ಗಿಸುವುದಕ್ಕಾಗಿ ಹನುಮಪ್ಪನಾಯಕನು ಆದಿಲಶಾಹಿಯ ಸಹಾಯವನ್ನು ಬೇಡಿದನು. 1637ರಲ್ಲಿ ರಣದುಲ್ಲಾಖಾನನು ಇಕ್ಕೇರಿಯ ಮೇಲೆ ಬಿದ್ದು ಅದನ್ನು ಹಾಳುಮಾಡಿದನು. ವೀರಭದ್ರನಾಯಕನು ರಾಜಧಾನಿಯನ್ನು ಕಾಡಿನೊಳಗಿನ ಬಿದನೂರಿಗೆ ಒಯ್ಯಬೇಕಾಯಿತು. ಆದರೆ ಕರೆದವನಿಗೂ ಸುಖವಾಗಲಿಲ್ಲ; ಒಂದೆರಡು ವರ್ಷಗಳೊಳಗೇ ಅದೇ ದಂಡು ಬಸವಾಪಟ್ಟಣದ ಕಡೆಗೆ ತಿರುಗಿತು. ಹೀಗೆ ನೋಡಿದರೆ ಸಂತೇಬೆನ್ನೂರಿನ ಕೊಳವೂ ಅದರ ದಡದ ಕಮಾನುಗಳೂ ಎರಡು ಮತಗಳ ಜಗಳಕ್ಕಿಂತ ಹೆಚ್ಚಾಗಿ, ಎರಡು ಪಾಳೆಯಪಟ್ಟುಗಳ ಹಗೆತನಕ್ಕೆ ಸಾಕ್ಷಿಯೆಂದು ನಮಗೆ ತೋರುತ್ತದೆ. ನೀರಿನ ನಡುವಿನ ಮಂಟಪದಲ್ಲಿಯೇ ವಿಜಯನಗರದ ಕೈಯೂ ಬಿಜಾಪುರದ ಕೈಯೂ ಬೆರೆತಿರುವಂತೆ ಕಾಣುತ್ತದೆ. ಕಲ್ಲುಕುಟಿಗರು ಜಗಳವಾಡಲಿಲ್ಲವೆಂದಾದರೂ ಹೇಳಬಹುದು.

ಇಲ್ಲಿಂದ ಸೂಳೆಕೆರೆ. ಈಗಿನ ಕಾಗದಪತ್ರಗಳಲ್ಲಿ ಇದಕ್ಕೆ ಶಾಂತಿಸಾಗರವೆಂದು ಹೆಸರು. ಮೈಸೂರು ಸೀಮೆಯ ಹಳೆಯ ಕೆರೆಗಳಲ್ಲಿ ಇಷ್ಟು ದೊಡ್ಡದು ಬೇರೆ ಇಲ್ಲ. ಏಷ್ಯಾಖಂಡದಲ್ಲಿಯೇ ಇದು ಎರಡನೆಯದೆಂಬ ಮಾತು ಪದೇಪದೇ ಕಿವಿಗೆ ಬೀಳುವುದು. ಖಂಡವನ್ನೆಲ್ಲ ಅಳೆದು ಬಂದವರು ಯಾರೋ! ಆ ಬಿರುದಿಲ್ಲದಿದ್ದರೂ ಕೆರೆಯ ಹಿರಿಮೆಗೆ ಕುಂದಿಲ್ಲ. ಸುತ್ತಣ ಗುಡ್ಡಗಳ ನೀರೆಲ್ಲ ಒಂದು ಕಣಿವೆಗೆ ಬಂದು, ಎರಡು ಬೆಟ್ಟಗಳ ನಡುವಿನ ಇಕ್ಕಟ್ಟಿನಲ್ಲಿ ಹರಿದುಹೋಗುತ್ತಿದ್ದಿತು. ಆ ಇಕ್ಕಟ್ಟನ್ನು ಗುರುತಿಸಿದುದೇ ಕಟ್ಟಿದವರ ಬುದ್ಧಿ. ಏರಿಯ ಉದ್ದವು ಕೆರೆಯ ವಿಸ್ತಾರಕ್ಕೆ ಹೋಲಿಸಿದರೆ ತೀರ ಸ್ವಲ್ಪ; ಅಗಲ ಎತ್ತರಗಳು ಮಾತ್ರ ಬೆಟ್ಟಕ್ಕೆ ಬೆಟ್ಟವನ್ನು ಬೆಸೆದಂತಿವೆ. ಎಂಟು ಶತಮಾನಗಳಿಗೆ ಕಡಮೆಯಿಲ್ಲದ ಮಳೆಗಾಲಗಳನ್ನು ಈ ಏರಿ ತಡೆದು ನಿಂತಿದೆ. ಕೆಳಗಡೆ ಸಿದ್ಧನಾಲೆ ಬಸವನಾಲೆಗಳೆಂಬ ಎರಡು ಕಾಲುವೆಗಳು ಗದ್ದೆ ತೋಟಗಳಿಗೆ ನೀರುಣಿಸುತ್ತವೆ. ಹೆಚ್ಚಿದ ನೀರು ಹರಿದ್ರಾ ಎಂಬ ಹಳ್ಳವಾಗಿ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ದುರ್ಗದ ಪಟ್ಟಣಕ್ಕೂ ಕುಡಿಯುವ ನೀರು ಇಲ್ಲಿಂದಲೇ ಹೋಗುತ್ತದೆ ಎಂಬುದನ್ನು ಬಹುಮಂದಿ ಬಲ್ಲರು.

ಕೆರೆಯ ಹೆಸರಿನ ವಿಷಯದಲ್ಲಿ ಎರಡು ಮಾತು ಹೇಳದೆ ಮುಂದೆ ಹೋಗಲಾರೆವು. ಸ್ಥಳದ ಐತಿಹ್ಯ ಹೀಗಿದೆ: ಇಲ್ಲಿ ಸ್ವರ್ಗಾವತಿಯೆಂಬ ಪಟ್ಟಣವಿದ್ದಿತು. ಅಲ್ಲಿಯ ಅರಸನ ಮಗಳು ಶಾಂತವ್ವೆ. ಆಕೆಯ ನಡತೆಯ ಮೇಲೆ ಅಪವಾದವು ಬಂದು, ಪ್ರಾಯಶ್ಚಿತ್ತವೆಂದು ಕೆರೆಯನ್ನು ಕಟ್ಟಿಸಲು ಹೊರಟಳು. ಕೆರೆ ತುಂಬಿದಾಗ ತಂದೆಯ ಪಟ್ಟಣವೇ ಮುಳುಗಿತು. ಸಿಟ್ಟಿಗೆದ್ದ ತಂದೆಯು ಇದು ಸೂಳೆಯ ಕೆರೆಯಾಗಲೆಂದು ಶಪಿಸಿದನು. ರೈಸ್ ಸಾಹೇಬರು ತಮ್ಮ ಗೆಜೆಟಿಯರಿನಲ್ಲಿಯೂ ಹೆಚ್ಚು ಕಡಮೆ ಇದೇ ಕಥೆಯನ್ನು ಬರೆದುಕೊಂಡಿದ್ದಾರೆ. ಇದನ್ನು ಚರಿತ್ರೆಯೆಂದು ಯಾರೂ ಸಾಧಿಸಲಾರರು. ಆದರೂ ಈ ಕಥೆಯೊಳಗೆ ಒಂದು ನಿಜವು ಅವಿತುಕೊಂಡಿದೆ. ದೊಡ್ಡ ಕೆರೆಯನ್ನು ಕಟ್ಟಿದಾಗ ಊರುಗಳು ಮುಳುಗುತ್ತವೆ. ಮುಳುಗಿಸಿದವರಿಗೆ ಶಾಪವೂ ನೀರುಂಡವರಿಂದ ಹರಕೆಯೂ ಒಟ್ಟಿಗೆ ಸಲ್ಲುತ್ತವೆ. ಲಕ್ಕವಳ್ಳಿಯಲ್ಲಿ 1947ರಿಂದ ಮೊದಲಾಗಿ ಭದ್ರೆಗೆ ಕಟ್ಟೆಯನ್ನು ಕಟ್ಟಿದಾಗಲೂ ಇದೇ ಆಯಿತು. ಹೆಣ್ಣೊಬ್ಬಳು ಮಾಡಿದ ಅಷ್ಟು ದೊಡ್ಡ ಕೆಲಸಕ್ಕೆ ಊರು ಕೊಟ್ಟ ಪ್ರತಿಫಲವು ಆ ಬೈಗುಳವೊಂದೇ ಎಂಬುದನ್ನು ಹಳೆಯ ಹೆಸರು ನಮಗೆ ನೆನಪು ಮಾಡಿಕೊಡುತ್ತದೆ. ಶಾಂತಿಸಾಗರವೆಂಬ ಹೆಸರು ಸಭ್ಯವಾದುದೇನೋ ಹೌದು. ಶಾಂತವ್ವೆಯ ಹೆಸರೂ ಅದರಲ್ಲಿ ಅರ್ಧವಾಗಿ ಉಳಿದಿದೆ. ಆದರೆ ಮರ್ಯಾದೆಗೆ ಅಂಜಿ ಹಳೆಯ ಹೆಸರನ್ನು ಅಳಿಸಿಬಿಟ್ಟರೆ ಆಕೆಗೆ ಆದ ಅನ್ಯಾಯದ ದಾಖಲೆಯನ್ನೂ ಅಳಿಸಿದಂತಾಗುವುದು. ಹೆಸರಿಗಿಂತ ಅವಸರದ ಮಾತು ಬೇರೊಂದಿದೆ. ಕೆರೆಯ ಹಿನ್ನೀರಿನ ಅಂಚುಗಳಲ್ಲಿ ಒತ್ತುವರಿಯು ವರ್ಷದಿಂದ ವರ್ಷಕ್ಕೆ ನೀರಿನೊಳಕ್ಕೆ ಇಳಿದಿದೆ. ಅಡಕೆಯ ಸಸಿಗಳು ಎಲ್ಲಿ ನಿಂತಿವೆಯೋ ಅಲ್ಲಿ ಹಿಂದೆ ಅಲೆಗಳಿದ್ದುವೆಂದು ಮುದುಕರು ತೋರಿಸುತ್ತಾರೆ. ಹೂಳು ಮೇಲೇರುತ್ತಿದೆ. ಸೇಡಿನ ಕಥೆಯನ್ನು ಗಂಟೆಗಟ್ಟಲೆ ಹೇಳಬಲ್ಲ ನಾವು ಕೆರೆಯ ಗಡಿಯ ಕಲ್ಲನ್ನು ತೋರಿಸೆಂದರೆ ತಡವರಿಸುತ್ತೇವೆ.

ಚನ್ನಗಿರಿಯ ಕಸಬೆಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಊರಿನ ನೆತ್ತಿಯ ಮೇಲೆ ಕೋಟೆ, ಕೋಟೆಯೊಳಗೆ ಬೆಟ್ಟದ ರಂಗನಾಥ. ಕೆಳದಿಯ ಚೆನ್ನಮ್ಮಾಜಿಯ ಹೆಸರೇ ಊರಿಗೆ ನಿಂತಿತೆಂದು ಹೇಳುವುದುಂಟು. ಆಕೆ 1671ರಿಂದ ಸುಮಾರು ಕಾಲು ಶತಮಾನ ಆಳಿದಳು. ಶಿವಾಜಿಯ ಮಗನಾದ ರಾಜಾರಾಮನು ಔರಂಗಜೇಬನ ದಂಡಿಗೆ ಹೆದರಿ ಓಡಿಬಂದಾಗ ಆಶ್ರಯಕೊಟ್ಟು, ಬೆನ್ನಟ್ಟಿ ಬಂದ ಮೊಗಲರನ್ನು ತಡೆದಳು. ಕೆಳದಿಯ ಸಂಸ್ಥಾನವು 1763ರಲ್ಲಿ ಹೈದರನ ಕೈಸೇರಿದಾಗ ಚನ್ನಗಿರಿಯೂ ಮೈಸೂರಿನದಾಯಿತು. ಕೋಟೆಯ ಮೇಲಿನಿಂದ ನೋಡಿದರೆ ಕಣ್ಣು ಹಾಯುವಷ್ಟು ದೂರ ಅಡಕೆಯ ತೋಟಗಳು. ಭದ್ರಾನಾಲೆಯ ನೀರು ಬರುವುದಕ್ಕೆ ಮುಂಚೆ ಇಲ್ಲಿಯ ಬಹುಭಾಗವು ಬೆದ್ದಲು ಭೂಮಿ. ಎರಡು ತಲೆಮಾರಿನಲ್ಲಿ ಭೂಮಿಯ ಬಣ್ಣವೇ ಬದಲಾದುದನ್ನು ಚೆನ್ನಮ್ಮಾಜಿಯೇ ಬಂದು ಕಂಡರೂ ಗುರುತು ಹಿಡಿಯಲಾರಳು.

ರಾಜಾರಾಮನ ಹೆಸರು ಬಂದುದರಿಂದ ಅವನ ಅಜ್ಜನ ವಿಷಯಕ್ಕೆ ಬರೋಣ. ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ಶಹಾಜಿ ಭೋಸಲೆಯ ಸಮಾಧಿಯಿದೆ. ನಮ್ಮ ಪ್ರವಾಸದಲ್ಲಿ ಬಾಡಿಗೆಯ ಮೋಟಾರು ತನ್ನ ಹಣಕ್ಕೆ ಸಾರ್ಥಕವಾದುದು ಇಲ್ಲಿಯೇ. ಮುಖ್ಯರಸ್ತೆಯ ಬಸ್ಸನ್ನು ನಂಬಿದವರು ಇಲ್ಲಿಗೆ ಬಂದು ಅದೇ ದಿವಸ ಬಸವಾಪಟ್ಟಣವನ್ನೂ ಹೊನ್ನಾಳಿಯನ್ನೂ ಮುಟ್ಟುವುದು ಕಷ್ಟ.

ಶಹಾಜಿಯು ಹುಟ್ಟಿದುದು 1594ರಲ್ಲಿ. ಅಹಮದನಗರದ ನಿಜಾಮಶಾಹಿ ಮುಳುಗಿದ ಮೇಲೆ ಬಿಜಾಪುರದ ಸೇವೆಗೆ ಸೇರಿ, ಮೇಲೆ ಹೇಳಿದ ರಣದುಲ್ಲಾಖಾನನ ಜೊತೆಯಲ್ಲಿಯೇ ಕರ್ನಾಟಕಕ್ಕೆ ಬಂದನು. 1638ರಲ್ಲಿ ಕೆಂಪೇಗೌಡನಿಂದ ಬೆಂಗಳೂರನ್ನು ಕಿತ್ತುಕೊಂಡಾಗ ಅದು ಶಹಾಜಿಗೆ ಜಹಗೀರಾಗಿ ಬಂದಿತು. ಅಲ್ಲಿಂದ ಮುಂದೆ ಅವನ ಬಾಳಿನ ಬಹುಭಾಗವು ಕನ್ನಡನಾಡಿನಲ್ಲಿಯೇ ಕಳೆಯಿತು. 1664ನೆಯ ಜನವರಿ 23ರಂದು ಹೊದಿಗೆರೆಯ ಬಳಿ ಬೇಟೆಯಾಡುತ್ತಿರುವಾಗ ಕುದುರೆ ಮುಗ್ಗರಿಸಿ ಅವನು ಬಿದ್ದು ಸತ್ತನು. ಅದೇ ತಿಂಗಳ ಮೊದಲಲ್ಲಿ ಮಗನು ಸೂರತ್ತನ್ನು ಸೂರೆಮಾಡಿ ಹಿಂದಿರುಗುತ್ತಿದ್ದನು. ಮೊಗಲರ ಸಾಮ್ರಾಜ್ಯದ ಅತ್ಯಂತ ಸಿರಿವಂತ ರೇವುಪಟ್ಟಣದ ಹಣವನ್ನು ಮೂಟೆಕಟ್ಟಿಕೊಂಡು ಬಂದ ಶಿವಾಜಿಗೆ ಕಾದಿದ್ದ ವರ್ತಮಾನವು ಈ ಸಣ್ಣ ಹಳ್ಳಿಯ ಹೊಲದಿಂದ ಹೋದುದು. ಜೀಜಾಬಾಯಿಯು ಸಹಗಮನಕ್ಕೆ ಸಿದ್ಧಳಾದಳೆಂದೂ ಮಗನು ಬಹು ಪ್ರಯಾಸದಿಂದ ತಡೆದನೆಂದೂ ಮರಾಠೀ ಬಖರುಗಳು ಹೇಳುತ್ತವೆ.

ಸಮಾಧಿಯು ಆಡಂಬರವಿಲ್ಲದ ಕಲ್ಲಿನ ಕೆಲಸ. ಗುಮ್ಮಟವಿಲ್ಲ, ಗೋಪುರವಿಲ್ಲ. ಮೂರು ಸುಲ್ತಾನರನ್ನು ಸೇವಿಸಿ, ಒಬ್ಬರ ಸೆರೆಯನ್ನೂ ಅನುಭವಿಸಿ, ಬೆಂಗಳೂರಿನಿಂದ ತಂಜಾವೂರಿನವರೆಗೆ ತನ್ನ ವಂಶದ ದಾರಿಯನ್ನು ಬಿಡಿಸಿದ ಸರದಾರನಿಗೆ ಇಷ್ಟೇ ಜಾಗ. ಇವನನ್ನು ಯಾರು ತಮ್ಮವನೆನ್ನಬೇಕು? ಮರಾಠರು ಶಿವಾಜಿಯ ತಂದೆಯೆಂದು ಬಂದು ಕೈಮುಗಿಯುತ್ತಾರೆ. ನಮ್ಮವರು ಪರರಾಜ್ಯದ ದಂಡನಾಯಕನೆಂದು ದೂರ ನಿಲ್ಲುತ್ತಾರೆ. ಬೆಂಗಳೂರಿನ ಅವನ ದರಬಾರಿಗೆ ಅನೇಕ ಭಾಷೆಗಳ ಪಂಡಿತರು ಬಂದು ಹೋಗುತ್ತಿದ್ದರೆಂದೂ, ಸ್ಥಳದ ಗೌಡ ಪಾಳೆಯಗಾರರನ್ನು ಬಹುಮಟ್ಟಿಗೆ ಇದ್ದಲ್ಲಿಯೇ ಇರಗೊಟ್ಟನೆಂದೂ ಬಲ್ಲವರಿಗೆ ಈ ಎರಡು ನಡತೆಗಳೂ ಅರೆಬರೆಯಾಗಿ ತೋರುವುವು. ಅವನ ಕುದುರೆ ಮುಗ್ಗರಿಸಿದ್ದು ಕನ್ನಡದ ನೆಲದ ಮೇಲೆ. ಆ ನೆಲವೇ ಅವನನ್ನು ಮುನ್ನೂರ ಅರವತ್ತು ವರ್ಷ ಕಾದುಕೊಂಡು ಬಂದಿದೆ.

ಬಸವಾಪಟ್ಟಣದ ಕೋಟೆಯನ್ನು ಮೋಟಾರಿನಿಂದ ಇಳಿದು ನೋಡಿದುದಷ್ಟೆ. ಇಂದು ಹೋಬಳಿಯ ಊರು. ಆದರೆ 1687ರಲ್ಲಿ ಮೊಗಲರು ಸೀರೆಯನ್ನು ಸುಭಾ ಮಾಡಿ ಏಳು ಪರಗಣೆಗಳನ್ನು ಅದಕ್ಕೆ ಸೇರಿಸಿದಾಗ, ಪೆನುಗೊಂಡೆ, ಕೋಲಾರ, ದೊಡ್ಡಬಳ್ಳಾಪುರಗಳ ಸಾಲಿನಲ್ಲಿ ಬಸವಾಪಟ್ಟಣದ ಹೆಸರೂ ಇದ್ದಿತು. ಊರುಗಳ ಅದೃಷ್ಟವೂ ಮನುಷ್ಯರದರಂತೆಯೇ ಏರಿಳಿಯುವುದು.

ತುಂಗೆಯೂ ಭದ್ರೆಯೂ ಕೂಡ್ಲಿಯಲ್ಲಿ ಒಂದಾಗಿ, ದೊಡ್ಡ ಹೊಳೆಯಾಗಿ ಹರಿದು ಬಂದು ಹೊನ್ನಾಳಿಯನ್ನು ಮುಟ್ಟುತ್ತವೆ. ಊರು ಹೊಳೆಯ ಎಡದಡದಲ್ಲಿದೆ. ಚನ್ನಗಿರಿಯ ಕಡೆಯಿಂದ ಬಂದವರು ಸೇತುವೆಯನ್ನು ದಾಟಬೇಕು. ಹಿಂದೆ ಹರಿಗೋಲು. ಬೆಂಗಳೂರು ಧಾರವಾಡದ ಹೆದ್ದಾರಿಗೆ ಹರಿಹರದಲ್ಲಿ 1868ರಲ್ಲಿಯೇ ಕಲ್ಲು ಇಟ್ಟಿಗೆಗಳ ಸೇತುವೆಯಾದ ಮೇಲೆ ಬಂಡಿಗಳ ಸಾಲೆಲ್ಲ ಆ ಕಡೆಗೆ ಸರಿಯಿತು. ಇಪ್ಪತ್ತೊಂದು ವರ್ಷಗಳ ಮೇಲೆ ರೈಲೂ ಅಲ್ಲಿಗೇ ಬಂದಿತು. ಹೊನ್ನಾಳಿಯು ಮೂಲೆಗೆ ಬಿದ್ದುದು ಹಾಗೆ.

ಹೊನ್ನಾಳಿಯ ಹೆಸರಿನೊಳಗೆ ಹೊನ್ನಿದೆ. ಹೆಸರು ಅದರಿಂದಲೇ ಬಂದಿತೆಂದು ಪಟ್ಟುಹಿಡಿಯುವುದು ಬೇಡ. ಆದರೆ ಈ ಸೀಮೆಯ ಕಪ್ಪು ಕಲ್ಲಿನಲ್ಲಿಯೂ ಹಳ್ಳದ ಮಳಲಿನಲ್ಲಿಯೂ ಚಿನ್ನದ ಸುಳಿವಿರುವುದು ಸುಳ್ಳಲ್ಲ. ಕಳೆದ ಶತಮಾನಕ್ಕೂ ಹಿಂದಿನ ಶತಮಾನದ ಕೊನೆಯಲ್ಲಿ ಭೂಗರ್ಭಶಾಸ್ತ್ರಜ್ಞರಾದ ಬ್ರೂಸ್ ಫುಟ್ ಸಾಹೇಬರು ಮೈಸೂರು ಸೀಮೆಯ ಚಿನ್ನದ ಪಟ್ಟಿಗಳನ್ನು ಪರೀಕ್ಷಿಸಿದವರಲ್ಲಿ ಒಬ್ಬರು. ಕುದುರೆಕೊಂಡ, ಪಾಲವನಹಳ್ಳಿಗಳ ಸುತ್ತ ಗಣಿಯನ್ನು ತೋಡುವ ಪ್ರಯತ್ನಗಳೂ ನಡೆದು ನಿಂತುವು. ಕೋಲಾರದ ಭಾಗ್ಯವು ಹೊನ್ನಾಳಿಗೆ ಬರಲಿಲ್ಲ. ಬಂದಿದ್ದರೆ ರೈಲೂ ಬರುತ್ತಿದ್ದಿತು!

ಹೊನ್ನಾಳಿಯ ಚರಿತ್ರೆಯಲ್ಲಿ ತಡೆದು ನಿಲ್ಲಬೇಕಾದ ವರ್ಷಗಳು 1830 ಮತ್ತು 1831. ನಗರದ ಫೌಜದಾರಿಯಲ್ಲಿ ಎದ್ದ ರೈತರ ದಂಗೆಯನ್ನು ನಮ್ಮ ಪಾಠಪುಸ್ತಕಗಳು ಎರಡು ಸಾಲುಗಳಲ್ಲಿ ಮುಗಿಸಿಬಿಡುತ್ತವೆ. ಕಂದಾಯದ ಭಾರವನ್ನೂ ಅಮಲ್ದಾರರ ಉಪದ್ರವವನ್ನೂ ತಡೆಯಲಾರದ ರೈತರು ಊರು ಬಿಟ್ಟು ಕೂಟಗಳನ್ನು ಕೂಡಿದರು. ಕೆಳದಿಯ ಗಾದಿಗೆ ತಾನೇ ಹಕ್ಕುದಾರನೆಂದು ಹೇಳಿಕೊಂಡ ಬೂದಿಬಸಪ್ಪನು ಅವರ ಮುಂದಾಳಾದನು. ಹೊನ್ನಾಳಿಯ ಕೋಟೆಯು ದಂಗೆಕೋರರ ಬಲವಾದ ನೆಲೆಗಳಲ್ಲಿ ಒಂದಾಯಿತು. ಅದನ್ನು ಹಿಡಿಯುವುದಕ್ಕೆ ದಂಡು ಬರಬೇಕಾಯಿತು. ಹಿಡಿದ ಮೇಲೆ ಸಿಕ್ಕಿದ ಹಲವರನ್ನು ನೇಣಿಗೆ ಹಾಕಿದರು. ದಂಗೆಯು ಅಡಗಿತು. ಆದರೆ ಅದನ್ನೇ ನೆಪಮಾಡಿ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ರಾಜ್ಯಭಾರವನ್ನು ತೆಗೆದುಕೊಂಡನು. ಅದು ಹಿಂದಕ್ಕೆ ಬಂದುದು 1881ರಲ್ಲಿ. ಮೈಸೂರಿನ ಐವತ್ತು ವರ್ಷಗಳ ಕಮಿಷನರ ಆಳಿಕೆಗೆ ಕಾರಣವಾದ ಕಿಡಿಯು ಈ ಹೊಳೆಯ ದಡದಲ್ಲಿಯೂ ಹಾರಿದುದು. ನೇಣಿಗೆ ಹೋದ ರೈತರ ಹೆಸರಿನ ಒಂದು ಕಲ್ಲಾದರೂ ಇದೆಯೇ ಎಂದು ಕೇಳಿದೆವು. ಅಂಗಡಿಯವರೊಬ್ಬರು ನಮ್ಮನ್ನೇ ನೋಡಿ, “ಯಾರ ಹೆಸರು ಸ್ವಾಮಿ?” ಎಂದರು. ವೀರಗಲ್ಲುಗಳು ದನ ತರುಬಿ ಮಡಿದ ಆಳಿಗೂ ಹೆಸರು ಕೊಟ್ಟ ನಾಡು ಇದು. ಹೊನ್ನಾಳಿ ತಾಲ್ಲೂಕಿನ ಶಾಸನಗಳಲ್ಲಿ ಅಂಥವರ ಹೆಸರುಗಳು ಎಷ್ಟೋ ಇವೆ. ಸಾವಿರ ವರ್ಷದ ಹಿಂದಿನ ಆಳಿನ ಹೆಸರು ಉಳಿದು, ಇನ್ನೂರು ವರ್ಷದ ಹಿಂದಿನ ರೈತನ ಹೆಸರು ಅಳಿದುದು ಹೇಗೆ ಎಂಬುದನ್ನು ನಮ್ಮ ಸಂಘದವರು ಯೋಚಿಸಬೇಕು. ಕಲ್ಲಿನಲ್ಲಿಲ್ಲದಿದ್ದರೂ ಸರ್ಕಾರದ ಹಳೆಯ ಕಡತಗಳಲ್ಲಿ ಹುಡುಕಬಹುದು.

ಹೊನ್ನಾಳಿಯಿಂದ ಪಶ್ಚಿಮಕ್ಕೆ ಹೋದರೆ ಗಾಳಿಯೇ ಬೇರೆಯಾಗುವುದು. ನ್ಯಾಮತಿಯು ಮಲೆನಾಡು ಬಯಲುಸೀಮೆಗಳ ಹೊಸಿಲಿನ ಮೇಲೆ ಕುಳಿತ ವರ್ತಕರ ಊರು. ಮೇಲಿನ ಅಡಕೆ, ಅಕ್ಕಿ, ಬೆಲ್ಲಗಳೂ ಕೆಳಗಿನ ಜೋಳ, ಹತ್ತಿ, ಬಟ್ಟೆಗಳೂ ಇಲ್ಲಿ ಕೈ ಬದಲಾಯಿಸುತ್ತಿದ್ದುವು. ಹೊನ್ನಾಳಿಯ ಹೋಬಳಿಯಾಗಿದ್ದ ಈ ಊರು ಪ್ರತ್ಯೇಕ ತಾಲ್ಲೂಕಾದುದು ತೀರ ಈಚೆಗೆ. ಜಿಲ್ಲೆಯೇ 1997ರಲ್ಲಿ ಹುಟ್ಟಿದುದು. ಅಲ್ಲಿಯವರೆಗೆ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗೆಗೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದುವು. ತಾಲ್ಲೂಕಿನ ಬೆಳಗುತ್ತಿಯು ಸಿಂದ ವಂಶದ ಮಾಂಡಲಿಕರ ರಾಜಧಾನಿಯಾಗಿದ್ದ ಊರು. ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ ಹೊಯ್ಸಳರಿಗೂ ಸೇವುಣರಿಗೂ ನಡುವೆ ತೂಗುತ್ತ ಬಾಳಿದ ಈ ಅರಸರ ಶಾಸನಗಳು ಅಲ್ಲಿವೆ.

ಆದರೆ ನ್ಯಾಮತಿಯ ತಾಲ್ಲೂಕಿನಲ್ಲಿ ನಮ್ಮ ಪ್ರಕೃತ ವಿಷಯಕ್ಕೆ ಅತ್ಯಂತ ಹತ್ತಿರವಾದ ಸ್ಥಳವು ಸೂರಗೊಂಡನಕೊಪ್ಪ. ಲಂಬಾಣಿಗಳ ಗುರುವಾದ ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ ಸ್ಥಳವೆಂದು ಇದನ್ನು ಭಕ್ತರು ಭಾವಿಸುತ್ತಾರೆ. ಫೆಬ್ರವರಿ 15ರ ಜಯಂತಿಗೆ ದೂರದೂರದ ರಾಜ್ಯಗಳಿಂದಲೂ ಬರುತ್ತಾರೆ. ಬಾಡಿಗೆಯ ವಾಹನದ ಚರಿತ್ರೆಯನ್ನು ಬರೆಯುವವರು ಮೊದಲ ಅಧ್ಯಾಯವನ್ನು ಇಲ್ಲಿಂದಲೇ ಆರಂಭಿಸಬೇಕು. ಏಕೆಂದರೆ ಮೋಟಾರು ರೈಲುಗಳಿರಲಿ, ಬಂಡಿಯ ದಾರಿಯೂ ಇಲ್ಲದಿದ್ದ ಕಾಲದಲ್ಲಿ ದಕ್ಷಿಣದೇಶದ ಸರಕನ್ನೆಲ್ಲ ಬೆನ್ನ ಮೇಲೆ ಹೊತ್ತುದು ಲಂಬಾಣಿಗಳ ಹೇರೆತ್ತುಗಳೇ. ಕರಾವಳಿಯ ಉಪ್ಪನ್ನು ಘಟ್ಟ ಹತ್ತಿಸಿ, ಬಯಲಿನ ಧಾನ್ಯವನ್ನು ಘಟ್ಟ ಇಳಿಸಿ, ಸಾವಿರಾರು ಎತ್ತುಗಳ ಹಿಂಡಿನೊಡನೆ ಸಂಸಾರಸಮೇತರಾಗಿ ನಡೆಯುತ್ತಿದ್ದರು. ದಂಡುಗಳಿಗೂ ಇವರೇ ಆಧಾರ. 1791–92ರಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಮೇಲೆ ಬಂದಾಗ ಅವನ ಸೈನ್ಯಕ್ಕೆ ಧಾನ್ಯವನ್ನು ಮುಟ್ಟಿಸಿದವರಲ್ಲಿ ಇವರು ಮುಖ್ಯರು. ಕೂಲಿ ಕೊಟ್ಟವನ ಸರಕನ್ನು ಹೇಳಿದ ಸ್ಥಳಕ್ಕೆ ಒಪ್ಪಿಸುವುದೇ ಅವರ ಧರ್ಮ.

ಹೆದ್ದಾರಿಯೂ ರೈಲೂ ಬಂದು ಈ ವೃತ್ತಿಯು ಒಂದೆರಡು ತಲೆಮಾರಿನಲ್ಲಿಯೇ ಮುರಿದುಬಿದ್ದಿತು. ಎತ್ತುಗಳನ್ನು ಮಾರಿದವರು ತಾಂಡಗಳಲ್ಲಿ ನೆಲೆಯಾದರು. ಕಾಡಿನ ಸೌದೆ, ಕೂಲಿಗಳಿಗೆ ಇಳಿದರು. ಅಲೆಮಾರಿಗಳೆಂಬ ಕಾರಣಕ್ಕೆ, 1871ರ ಅಪರಾಧಿ ಬುಡಕಟ್ಟುಗಳ ಶಾಸನವು ಹಬ್ಬಿದಂತೆಲ್ಲ ಹಲವು ಕಡೆಗಳಲ್ಲಿ ಇವರನ್ನು ಅನುಮಾನದ ಪಟ್ಟಿಗೂ ಸೇರಿಸಿತು. ದೇಶದ ಸರಕನ್ನು ನಂಬಿಕೆಯಿಂದ ಹೊತ್ತವರ ಮಕ್ಕಳು ಪೋಲೀಸಿನ ಎದುರು ಹಾಜರಿ ಹಾಕುವಂತಾದುದಕ್ಕಿಂತ ವಿಪರೀತವೇನಿದೆ? ರೈಲು ಬಾರದ ಊರುಗಳ ದುಃಖವನ್ನು ಇದುವರೆಗೆ ಹೇಳಿದೆವಷ್ಟೆ. ರೈಲು ಬಂದುದರಿಂದ ಅನ್ನ ಕಳೆದುಕೊಂಡವರ ದುಃಖವೂ ಇದೇ ಸೀಮೆಯಲ್ಲಿದೆ. ಕೊಪ್ಪದ ಗುಡಿಯ ಮುಂದೆ ನಿಂತಾಗ ನಮ್ಮ ಚಾಲಕನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಬಂದನು. ತಮ್ಮ ತಾಂಡದಲ್ಲಿ ಅವನ ಅಜ್ಜನ ತಂದೆಯವರೆಗೂ ಎತ್ತು ಸಾಕಿದ್ದರೆಂದು ಆಗ ತಿಳಿಯಿತು. “ಅವರು ಎತ್ತಿನ ಮೇಲೆ, ನಾನು ಕಾರಿನ ಮೇಲೆ, ಕೆಲಸ ಒಂದೇ ಸಾರ್” ಎಂದನು.

ಎರಡನೆಯ ದಿವಸ ಜಗಳೂರು. ದಾವಣಗೆರೆಯಿಂದ ಈಶಾನ್ಯಕ್ಕೆ ಹೋಗುವ ದಾರಿಯಲ್ಲಿ ಆಣಜಿ ಸಿಕ್ಕುವುದು. ಕದಂಬರ ಕೃಷ್ಣವರ್ಮನ ಸೈನ್ಯವು ಪಲ್ಲವ ನಣಕ್ಕಾಸನೊಡನೆ ಕಾದಿ ನುಚ್ಚುನೂರಾದುದನ್ನು ಹೇಳುವ ಶಾಸನವು ಇಲ್ಲಿಯದು. ರಾಜರ ಸೋಲನ್ನು ಬರೆದಿಟ್ಟ ಕಲ್ಲುಗಳು ವಿರಳ. ಆ ದೃಷ್ಟಿಯಿಂದ ಆಣಜಿಯ ಕಲ್ಲು ಬಹು ಬೆಲೆಯುಳ್ಳದು. ಹಳೆಯ ಎಣಿಕೆಯಲ್ಲಿ ನ್ಯಾಮತಿ ಹೊನ್ನಾಳಿಗಳು ಬನವಾಸಿ ಪನ್ನಿರ್ಛಾಸಿರದ ಕಡೆಯವು, ಜಗಳೂರು ನೊಳಂಬವಾಡಿ ಮೂವತ್ತೆರಡು ಸಾಸಿರದ ಕಡೆಯದು. ಮೊದಲನೆಯ ದಿವಸದ ಅಡಕೆಯ ತೋಪುಗಳಿಂದ ಎರಡನೆಯ ದಿವಸದ ಕೆಂಪು ಕಲ್ಲುನೆಲಕ್ಕೆ ಬಂದಾಗ, ಆ ಹಳೆಯ ನಾಡುಗಳ ಗಡಿಯನ್ನು ಅರಸರಿಗಿಂತ ಮೊದಲು ಮಳೆಯೇ ಎಳೆದಿತ್ತೆಂದು ಅರ್ಥವಾಗುವುದು.

ಜಗಳೂರು ಸೀಮೆಯನ್ನು ಬಹುಕಾಲ ಆಳಿದವರು ಚಿತ್ರದುರ್ಗದ ನಾಯಕರು. 1779ರಲ್ಲಿ ದುರ್ಗವು ಹೈದರನಿಗೆ ಬಿದ್ದ ಮೇಲೆ ಇದು ಮೈಸೂರಿಗೆ ಸೇರಿತು. ಎಂ. ಎಸ್. ಪುಟ್ಟಣ್ಣನವರು ದುರ್ಗದ ಪಾಳೆಯಗಾರರ ಮೇಲೆ ಪುಸ್ತಕವನ್ನೇ ಬರೆದಿದ್ದಾರೆ; ಆದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಕೊಡದಗುಡ್ಡದ ವೀರಭದ್ರನನ್ನು ಕಂಡು, ರಂಗಯ್ಯನದುರ್ಗದ ಕಡೆಗೆ ತಿರುಗಿದೆವು. ಅಲ್ಲಿಯ ಕುರುಚಲು ಕಾಡನ್ನು 2011ರಲ್ಲಿ ಕೊಂಡುಕುರಿಯ ರಕ್ಷಣೆಗೆಂದು ವನ್ಯಧಾಮವನ್ನಾಗಿ ಮಾಡಿದ್ದಾರೆ. ಗಂಡಿಗೆ ನಾಲ್ಕು ಕೊಂಬುಗಳಿರುವ ಈ ಸಣ್ಣ ಪ್ರಾಣಿಯು ಭಾರತ ನೇಪಾಳಗಳಲ್ಲಿ ಅಲ್ಲದೆ ಲೋಕದಲ್ಲಿ ಬೇರೆಲ್ಲಿಯೂ ಇಲ್ಲ. ನಾಯಕರ ಕಾಲದ ದುರ್ಗವನ್ನು ನೋಡಹೋದವರಿಗೆ ಕೊಂಡುಕುರಿಯ ಫಲಕವು ಎದುರಾಗುವುದು. ಕೊಂಡುಕುರಿಯು ಮಾತ್ರ ನಮಗೆ ದರ್ಶನ ಕೊಡಲಿಲ್ಲ.

ಜಗಳೂರಿನಲ್ಲಿ ಮಾತೆಲ್ಲ ನೀರಿನ ಸುತ್ತಲೇ. ಹೊಟೇಲಿನಲ್ಲಿ ಕುಳಿತರೂ, ಗುಡಿಯ ಜಗಲಿಯಲ್ಲಿ ಕುಳಿತರೂ, ಯಾವ ಕೆರೆಗೆ ಎಷ್ಟು ಬಂದಿತೆಂಬುದೇ ವಾರ್ತೆ. ಇಲ್ಲಿಯವರೇ ಆದ ಮಹಮ್ಮದ್ ಇಮಾಂ ಸಾಹೇಬರು ಮೈಸೂರಿನಲ್ಲಿ ಮಂತ್ರಿಗಳಾಗಿದ್ದು, 1957ರಲ್ಲಿಯೂ ಮತ್ತೆ 1967ರಲ್ಲಿಯೂ ಚಿತ್ರದುರ್ಗದಿಂದ ಲೋಕಸಭೆಗೆ ಹೋದರು. ಅವರ ಕಾಲದ ನೀರಿನ ಕೊರಗೇ ಮೊಮ್ಮಕ್ಕಳ ಕಾಲಕ್ಕೂ ಬಂದಿದೆ. ಹರಿಹರದ ಬಳಿ ತುಂಗಭದ್ರೆಯಿಂದ ನೀರೆತ್ತಿ 57 ಕೆರೆಗಳಿಗೆ ತುಂಬುವ ಕೆಲಸವಾದ ಮೇಲೆ ಒಣಗಿದ್ದ ಕೆರೆಗಳ ಅಂಗಳದಲ್ಲಿ ನೀರು ಕಾಣಿಸಿಕೊಂಡಿದೆ. ಭದ್ರಾ ಮೇಲ್ದಂಡೆಯ ಕಾಲುವೆಯನ್ನು ಜನರು ಎದುರು ನೋಡುತ್ತಿದ್ದಾರೆ. ಸೂಳೆಕೆರೆಯನ್ನು ಕಟ್ಟಿದವರು ಇಳಿಯುವ ನೀರನ್ನು ತಡೆದರು. ಈಗಿನವರು ನೀರನ್ನು ಕೊಳವೆಯಲ್ಲಿ ಏರಿಸುತ್ತಿದ್ದಾರೆ. ಒಂದಕ್ಕೆ ಬೆಟ್ಟ ಸಾಕಾಯಿತು, ಇನ್ನೊಂದಕ್ಕೆ ವಿದ್ಯುಚ್ಛಕ್ತಿಯ ಬಿಲ್ಲು ವರ್ಷವರ್ಷವೂ ಬೇಕು.

ಕೆರೆಯ ಏರಿಯ ಕೆಳಗೆ ಒಂದು ವೀರಗಲ್ಲು ಅರ್ಧ ಹೂತುಹೋಗಿ, ಬಟ್ಟೆ ಒಗೆಯುವ ಬಂಡೆಯಾಗಿದ್ದಿತು. ಅಕ್ಷರಗಳ ಎರಡು ಸಾಲು ಸವೆದು ನುಣುಪಾಗಿವೆ. ಕೆಳಗಿನ ಸಾಲುಗಳು ಮಣ್ಣಿನಲ್ಲಿವೆ. ಒಗೆಯುತ್ತಿದ್ದ ತಾಯಿಯು ನಮ್ಮನ್ನು ಕಂಡು ಬಟ್ಟೆಯನ್ನು ಪಕ್ಕಕ್ಕೆ ಸರಿಸಿ, ನೀರು ಎರಚಿ ಕಲ್ಲನ್ನು ತೊಳೆದುಕೊಟ್ಟಳು. ಗೆಳೆಯರು ಚಿತ್ರವನ್ನು ತೆಗೆದುಕೊಂಡರು. ಮಣ್ಣನ್ನು ಬಿಡಿಸಿ ಪೂರ್ತಿಯಾಗಿ ಓದುವುದಕ್ಕೆ ಇನ್ನೊಂದು ಸಾರಿ ಹೋಗಬೇಕಾಗಿದೆ. ತುಮಕೂರಿನಿಂದ ಚಿತ್ರದುರ್ಗದ ಮೇಲೆ ದಾವಣಗೆರೆಗೆ ಬರಲಿರುವ ಹೊಸ ರೈಲುದಾರಿಯು ಭರಮಸಾಗರದ ಕಡೆಯಿಂದ ಹಾಯುವುದೆಂದು ಗೊತ್ತಾಗಿದೆ. ಆದುದರಿಂದ ಜಗಳೂರಿಗೆ ಆಗಲೂ ಮೋಟಾರನ್ನೇ ಗೊತ್ತುಮಾಡಿಕೊಂಡು ಹೋಗಬೇಕು.